ಓದುಗರ ಪ್ರಶ್ನೆ: ಅಮೆರಿಕದ ಸಬ್ಸಿಡಿ, ಆಫ್ರಿಕದ ಅರಳೆ, ಚಿತ್ರದುರ್ಗದ ಧಾರಣೆ

ಪ್ರಶ್ನೆ: ಅಮೆರಿಕ ತನ್ನ ಹತ್ತಿ ರೈತರಿಗೆ ದುಡ್ಡು ಕೊಟ್ಟರೆ ಆಫ್ರಿಕದ ರೈತನಿಗೆ ಪೆಟ್ಟು ಬೀಳುವುದು ಹೇಗೆ? (ಚಳ್ಳಕೆರೆಯ ಬೆಳೆಗಾರರೊಬ್ಬರು)

ಉತ್ತರ: ಬೆಲೆ ಬಿದ್ದರೆ ನೀವು ಏನು ಮಾಡುತ್ತೀರಿ? ಮುಂದಿನ ಹಂಗಾಮಿಗೆ ಹತ್ತಿ ಬಿಟ್ಟು ಮೆಕ್ಕೆಜೋಳಕ್ಕೋ ಶೇಂಗಾಕ್ಕೋ ಹೋಗುತ್ತೀರಿ. ಎಲ್ಲರೂ ಹಾಗೆ ಮಾಡಿದರೆ ಮಾಲು ಕಡಿಮೆಯಾಗಿ ಧಾರಣೆ ಮತ್ತೆ ಏರುತ್ತದೆ. ಅಮೆರಿಕದ 2002ರ ಕೃಷಿ ಕಾನೂನು ಈ ಚಕ್ರವನ್ನೇ ನಿಲ್ಲಿಸಿತು. ಪೌಂಡ್ ಅರಳೆಗೆ (ಬೀಜ ತೆಗೆದ ಹತ್ತಿಗೆ) 52 ಸೆಂಟ್ ಎಂದು ಸಾಲದ ದರ, ಅಂದರೆ ಅರಳೆ ಅಡವಿಟ್ಟರೆ ಸರ್ಕಾರ ಕೊಡುವ ಮೊತ್ತ, ಗೊತ್ತುಮಾಡಿದ್ದರು. ಮಾರುಕಟ್ಟೆ 36 ಸೆಂಟ್‌ಗೆ ಇಳಿದರೆ ಉಳಿದ 16 ಸೆಂಟ್ ಸರ್ಕಾರದ ಹೊಣೆ. ಅದರ ಮೇಲೆ 72.4 ಸೆಂಟ್ ಗುರಿಬೆಲೆಯ ಲೆಕ್ಕದ ಪಾವತಿ ಬೇರೆ. ಹೀಗಿರುವಾಗ ಅಲ್ಲಿನ ರೈತ ಬಿತ್ತನೆ ತಗ್ಗಿಸುವುದೇಕೆ? ಬೇಲುಗಳು ಹಡಗು ಹತ್ತುತ್ತಲೇ ಇದ್ದವು, ಬೆಲೆ ಏಳಲಿಲ್ಲ.

ಆಫ್ರಿಕದ ಹತ್ತಿ ಬೆಳೆಯುವ ದೇಶಗಳಾದ ಮಾಲಿ, ಬುರ್ಕಿನಾ ಫಾಸೊ, ಬೆನಿನ್, ಚಾಡ್‌ಗಳಲ್ಲಿ ನೂಲಿನ ಗಿರಣಿಗಳು ಬೆರಳೆಣಿಕೆಯಷ್ಟು. ಹಾಗಾಗಿ ಅರಳೆ ಬಹುಪಾಲು ರಫ್ತಾಗಲೇಬೇಕು. ಅಲ್ಲಿ ಹತ್ತಿ ಕಂಪನಿಯೇ ಬೀಜ, ಗೊಬ್ಬರ, ಔಷಧಿಯನ್ನು ಸಾಲವಾಗಿ ಕೊಟ್ಟು, ಹತ್ತಿ ಕೊಳ್ಳುವಾಗ ಮುರಿದುಕೊಳ್ಳುತ್ತದೆ. ಬೆಲೆ ಕುಸಿದರೂ ಗೊಬ್ಬರದ ಸಾಲ ಕುಸಿಯುವುದಿಲ್ಲ. ರೈತನ ಕೈಗೆ ಬರುವುದು ಮುರಿದುಕೊಂಡು ಉಳಿದದ್ದು ಮಾತ್ರ.

ಪ್ರಶ್ನೆ: ಜಿನೀವಾದಲ್ಲಿ ಇಷ್ಟು ವರ್ಷ ಮಾತುಕತೆ ನಡೆದು ಏನು ಸಿಕ್ಕಿತು? (ದಾವಣಗೆರೆ)

ಉತ್ತರ: ಆಫ್ರಿಕದ ಈ ನಾಲ್ಕು ದೇಶಗಳು 2003ರಲ್ಲಿ ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ಹತ್ತಿಯನ್ನು ಪ್ರತ್ಯೇಕ ವಿಷಯವಾಗಿ ಇಟ್ಟವು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸಂಸ್ಥೆಯ ಕ್ಯಾನ್‌ಕುನ್ ಸಭೆ ಮುರಿದುಬಿತ್ತು. 2004ರಲ್ಲಿ ಹತ್ತಿಗೊಂದು ಉಪಸಮಿತಿ ಬಂತು. 2005ರ ಹಾಂಗ್‌ಕಾಂಗ್ ಸಭೆಯಲ್ಲಿ ಮುಂದುವರಿದ ದೇಶಗಳು ಹತ್ತಿಯ ರಫ್ತು ಸಬ್ಸಿಡಿಯನ್ನು 2006ರಲ್ಲಿ ಕೈಬಿಡಲು ಒಪ್ಪಿದವು. ಆದರೆ ಬೆಲೆ ಒತ್ತುತ್ತಿದ್ದದ್ದು ಮುಖ್ಯವಾಗಿ ದೇಶದೊಳಗಿನ ಸಬ್ಸಿಡಿ. ಅದನ್ನು ಉಳಿದ ಬೆಳೆಗಳಿಗಿಂತ ಬೇಗ, ಹೆಚ್ಚು ತಗ್ಗಿಸಬೇಕೆಂದು ಕಾಗದದಲ್ಲಿ ಬರೆದರು. ದೋಹಾ ಸುತ್ತು ಎಂದು ಕರೆಯುವ ಈ ಮಾತುಕತೆ ಮುಗಿಯಲಿಲ್ಲ, ಕಾಗದ ಕಾಗದವಾಗಿಯೇ ಉಳಿಯಿತು.

ದುಡ್ಡು ಕಂಡದ್ದು ಬ್ರೆಜಿಲ್. ಅದು 2002ರಲ್ಲಿ ಅಮೆರಿಕದ ಮೇಲೆ ದೂರು ಹೂಡಿ, 2005ರ ಮೇಲ್ಮನವಿಯಲ್ಲೂ ಗೆದ್ದಿತು. ಪ್ರತೀಕಾರದ ಸುಂಕ ಹಾಕುವ ಹಕ್ಕು ಸಿಕ್ಕಿತು. ಸುಂಕ ತಪ್ಪಿಸಿಕೊಳ್ಳಲು ಅಮೆರಿಕ 2010ರಲ್ಲಿ ವರ್ಷಕ್ಕೆ 14.73 ಕೋಟಿ ಡಾಲರ್ ಕೊಡಲು ಒಪ್ಪಿತು, 2014ರಲ್ಲಿ 30 ಕೋಟಿ ಡಾಲರ್ ಕೊಟ್ಟು ವ್ಯಾಜ್ಯ ಮುಗಿಸಿತು. ಬೆನಿನ್, ಚಾಡ್ ಇದೇ ದಾವೆಯಲ್ಲಿ ಮೂರನೇ ಪಕ್ಷವಾಗಿದ್ದವು, ಅಷ್ಟೇ. ತಾವೇ ದಾವೆ ಹೂಡಿ ಗೆದ್ದಿದ್ದರೂ ಅಮೆರಿಕದ ಯಾವ ಸರಕಿಗೆ ಸುಂಕ ಹಾಕಿ ಅದನ್ನು ನೋಯಿಸಿಯಾವು? ಗೆದ್ದವನೇ ಬಾರುಕೋಲು ಹುಡುಕಿಕೊಳ್ಳಬೇಕಾದ ನ್ಯಾಯ ಇದು.

ಪ್ರಶ್ನೆ: ಬುರ್ಕಿನಾ ಫಾಸೊ ಬಿಟಿ ಹತ್ತಿ ಬಿಟ್ಟಿತಂತೆ, ಹೌದೇ?

ಉತ್ತರ: ಹೌದು. 2008ರಲ್ಲಿ ತಂದು 2016ರ ಹೊತ್ತಿಗೆ ಕೈಬಿಟ್ಟಿತು. ಹುಳುವಿನ ಕಾಟ ತಗ್ಗಿತ್ತು, ಆದರೆ ಎಳೆ ಗಿಡ್ಡವಾಯಿತು. ಎಳೆಯ ಉದ್ದಕ್ಕೆ ಹೆಚ್ಚು ಬೆಲೆ ಪಡೆಯುತ್ತಿದ್ದ ದೇಶಕ್ಕೆ ಅದು ಸಣ್ಣ ನಷ್ಟವಲ್ಲ.

ಪ್ರಶ್ನೆ: ನಮ್ಮ ಬೆಂಬಲ ಬೆಲೆಯೂ ಸಬ್ಸಿಡಿ ತಾನೇ? (ಹೊಳಲ್ಕೆರೆ)

ಉತ್ತರ: ವಿಶ್ವ ವ್ಯಾಪಾರ ಸಂಸ್ಥೆಯ ಖಾತೆಯಲ್ಲಿ ಹೌದು. ನಮ್ಮ ಬೆಂಬಲ ಬೆಲೆಯನ್ನು ಅಲ್ಲಿ 1986-88ರ ಬೆಲೆಯೊಂದಿಗೆ ತೂಗುತ್ತಾರೆ. ವ್ಯತ್ಯಾಸ ಉತ್ಪಾದನೆಯ ಮೌಲ್ಯದ ಶೇ. 10 ಮೀರಬಾರದು. ಭಾರತ ಮೀರಿದೆ ಎಂದು ಅಮೆರಿಕ 2018ರ ನವೆಂಬರ್‌ನಲ್ಲಿ ತಕರಾರು ಎತ್ತಿತು. ಸುಮಾರು ನಾಲ್ಕು ದಶಕ ಹಿಂದಿನ ಬೆಲೆಯ ಕಲ್ಲು ತಕ್ಕಡಿಗಿಟ್ಟು ಇಂದಿನ ಹತ್ತಿ ತೂಗುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಆದರೂ ಆಫ್ರಿಕದವರ ಕಣ್ಣಿಗೆ ನಾವೂ ಸರ್ಕಾರದ ಆಸರೆ ಇರುವ ದೊಡ್ಡ ಬೆಳೆಗಾರರೇ.

ಪ್ರಶ್ನೆ: ವಿಶ್ವದ ಧಾರಣೆ ನೋಡಿ ನಮ್ಮ ಹತ್ತಿಯ ಬೆಲೆ ಅಂದಾಜು ಮಾಡುವುದು ಹೇಗೆ? (ಹಿರಿಯೂರು)

ಉತ್ತರ: ಒಂದು ಕ್ವಿಂಟಲ್ ಹತ್ತಿ ಜಿನ್ ಮಾಡಿದರೆ ಸುಮಾರು 34 ಕೆಜಿ ಅರಳೆ, 64 ಕೆಜಿ ಹತ್ತಿಕಾಳು, ಉಳಿದದ್ದು ಕಸ, ತೇವ. ಪೌಂಡಿಗೆ 70 ಸೆಂಟ್ ಇದೆ ಎನ್ನೋಣ. 2.2ರಿಂದ ಗುಣಿಸಿದರೆ ಕೆಜಿಗೆ 1.54 ಡಾಲರ್. ಡಾಲರ್ 85 ರೂಪಾಯಿ ಎಂದರೆ ಅರಳೆ ಕೆಜಿಗೆ 131, 34 ಕೆಜಿಗೆ ಸುಮಾರು 4,450. ಕಾಳು ಕೆಜಿಗೆ 30ರಂತೆ 1,920. ಒಟ್ಟು 6,370, ಇದರಲ್ಲಿ ಜಿನ್ನಿಂಗ್ ಖರ್ಚು, ಸಾಗಣೆ ಕಳೆಯಿರಿ. ಧಾರಣೆ 10 ಸೆಂಟ್ ಇಳಿದರೆ ಕ್ವಿಂಟಲಿಗೆ 640 ರೂಪಾಯಿಯಷ್ಟು ಹೋಗುತ್ತದೆ. ಡಾಲರ್, ಕಾಳಿನ ದರ ಬದಲಾದಂತೆ ಲೆಕ್ಕ ತಿದ್ದಿಕೊಳ್ಳಿ.

ಎರಡು ಕಡೆ ಲೆಕ್ಕ ತಪ್ಪುತ್ತದೆ. ಮೊದಲನೆಯದು ಆಮದು ಸುಂಕ. ಶೇ. 11 ಇದ್ದಾಗ ಹೊರಗಿನ ಅರಳೆ ಅಷ್ಟು ತುಟ್ಟಿ. 2025ರ ಆಗಸ್ಟ್ 19ರಿಂದ ಡಿಸೆಂಬರ್ 31ರವರೆಗೆ ಸುಂಕ ತೆಗೆದಾಗ ಗಿರಣಿಗಳಿಗೆ ಆಮದು ಅಗ್ಗವಾಯಿತು. ಎರಡನೆಯದು ತೇವಾಂಶ. 2025-26ರಲ್ಲಿ ಮಧ್ಯಮ ಎಳೆಯ ಹತ್ತಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 7,710 ರೂಪಾಯಿ ಇತ್ತು. ಅದು ಪೂರ್ತಿ ಸಿಗುವುದು ತೇವಾಂಶ ಶೇ. 8 ಇದ್ದರೆ. ಶೇ. 10 ಇದ್ದರೆ 154 ರೂಪಾಯಿ ಕಡಿತ, ಶೇ. 12 ದಾಟಿದರೆ ಸರ್ಕಾರದ ಹತ್ತಿ ನಿಗಮ ಕೊಳ್ಳುವುದಿಲ್ಲ. ಬೆಳಗಿನ ಇಬ್ಬನಿಯಲ್ಲಿ ಬಿಡಿಸಿದ ಹತ್ತಿಯನ್ನು ಹಾಗೇ ಅಂಡಿಗೆಗೆ ತುಂಬಬೇಡಿ, ಬಿಸಿಲಿಗೆ ಹರವಿ ಆರಿಸಿ.