ಐದು ದಿನದಲ್ಲಿ ಮೊಂಬಾಸಾ, ಲಾಮು, ಜಾಂಜಿಬಾರ್ ಮೂರೂ ನೋಡಬಹುದೇ? ಯಾವ ಪ್ಯಾಕೇಜ್ ಒಳ್ಳೆಯದು?

ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಪ್ರಶ್ನೆ ಓದಿ ನಗು ಬಂತು. ಪೂರ್ವ ಆಫ್ರಿಕಾ ಕರಾವಳಿಯ ಮೂರು ಊರು (ಮೊದಲೆರಡು ಕೀನ್ಯಾದಲ್ಲಿ, ಜಾಂಜಿಬಾರ್ ಟಾಂಜಾನಿಯಾದಲ್ಲಿ), ಐದು ದಿನ, ಅದರಲ್ಲೂ ‘ಸಂಸ್ಕೃತಿಗೆ ಎರಡು ದಿನ, ಪ್ರಕೃತಿಗೆ ಎರಡು ದಿನ’. ಇದೇ ಪಟ್ಟಿಯನ್ನು ನಾನೂ ಎಕ್ಸೆಲ್‌ನಲ್ಲಿ ಬಣ್ಣ ಹಚ್ಚಿ ಮಾಡಿಕೊಂಡಿದ್ದೆ. ನೈರೋಬಿಯಲ್ಲಿ ಮೂರು ವಾರ ಆಫೀಸ್ ಕೆಲಸ, ಕೊನೆಗೆ ಐದು ದಿನ ರಜೆ. ಲಾಮುಗೆ ಎರಡು ರಾತ್ರಿ ಬರೆದುಕೊಂಡಿದ್ದೆ.

ಲಾಮು ವಿಮಾನ ಇಳಿಯುವುದು ಲಾಮುವಿನಲ್ಲಲ್ಲ, ಎದುರಿನ ಮಾಂಡಾ ದ್ವೀಪದಲ್ಲಿ. ಅಲ್ಲಿಂದ ದೋಣಿ. ಅದೇ ಮಾಂಡಾದ ಇನ್ನೊಂದು ಮೂಲೆಯಲ್ಲಿ ತಕ್ವಾ ಅಂತ ಹಾಳೂರು ಇದೆ. 17ನೇ ಶತಮಾನದಲ್ಲಿ ಜನ ಬಿಟ್ಟುಹೋದ ಊರು. ಹವಳದ ಕಲ್ಲಿನ ಮಸೀದಿ, ಅದರ ಗೋಡೆಯ ಮೇಲೊಂದು ಕಂಬ, ನಡುನಡುವೆ ಬಾವೋಬಾಬ್ ಮರಗಳು. ನಾನು ಹೊನ್ನಾವರದ ಕಡೆಯವನು, ಕಾಂಡ್ಲಾ (ಮ್ಯಾಂಗ್ರೋವ್) ಕಾಡು ನೋಡಿಯೇ ಬೆಳೆದವನು. ತಕ್ವಾಕ್ಕೆ ಹೋಗುವ ದಾರಿ ಕಾಂಡ್ಲಾ ಗಿಡಗಳ ನಡುವಿನ ಕಿರುಹೊಳೆಯಲ್ಲೇ ಅಂತ ಕೇಳಿದ ಮೇಲೆ ಬಿಡುವುದುಂಟೇ?

ಹೋದ ಸಂಜೆಯೇ ದಡದಲ್ಲಿ ಒಬ್ಬ ನಹೋದಾನನ್ನು ಹಿಡಿದೆ. ನಹೋದಾ ಅಂದರೆ ದೋಣಿಯ ಯಜಮಾನ. ನಮ್ಮ ಕರಾವಳಿಯಲ್ಲಿ ನಾಖುದಾ ಅಂತ ಮನೆತನದ ಹೆಸರೇ ಇದೆಯಲ್ಲ, ಅದೇ ಪದ. ಇಂಥ ಪದ ಸಿಕ್ಕಿದ್ದೇ ತಡ, ನನಗೆ ತಲೆ ತಿರುಗಿತು. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಸಾಬೂನಿಗೆ ಅವರೂ ಸಬುನಿ, ಮೇಜಿಗೆ ಮೆಜಾ, ಗಾಡಿಗೆ ಗಾರಿ, ದುಡ್ಡಿಗೆ ಪೆಸಾ ಅನ್ನುತ್ತಾರೆ. ಅಯ್ಯೋ, ಇದು ನಮ್ಮದೇ ಭಾಷೆ ಅನ್ನಿಸಿಬಿಟ್ಟಿತು. ಫೋನಿನಲ್ಲಿ ಹತ್ತರವರೆಗೆ ಎಣಿಸಲು ಬೇರೆ ಕಲಿತಿದ್ದೆ. ನಹೋದಾ ಒಳ್ಳೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ. ನಾನು ಮಾತ್ರ ಸ್ವಾಹಿಲಿ ಬಿಡಲಿಲ್ಲ. ‘ನಾಳೆ ಎಷ್ಟು ಗಂಟೆಗೆ’ ಅಂತ ಅವನ ಭಾಷೆಯಲ್ಲೇ ಕೇಳಿದೆ. ಅವನಿಗೆ ಖುಷಿಯಾಯಿತು. ‘ಕೆಶೊ, ಸಾ ನ್ನೆ’ ಅಂದ. ನಾಳೆ, ಗಂಟೆ ನಾಲ್ಕು. ನಾನು ನಾಲ್ಕು ಬೆರಳು ಎತ್ತಿ ತೋರಿಸಿದೆ. ಅವನೂ ನಾಲ್ಕು ಬೆರಳು ಎತ್ತಿದ. ಮುಂಗಡ ಕೊಟ್ಟು ಬಂದೆ.

ಮರುದಿನ ಸಂಜೆ ನಾಲ್ಕಕ್ಕೆ, ಇನ್ನೂ ಹತ್ತು ನಿಮಿಷ ಇರುವಾಗಲೇ, ಟೊಪ್ಪಿ ಹಾಕಿಕೊಂಡು ದಡಕ್ಕೆ ಬಂದೆ. ಬೆಳಿಗ್ಗೆ ನೀರಿದ್ದ ಜಾಗದಲ್ಲಿ ಬರೀ ಕೆಸರು. ಎರಡು ದೋಣಿ ಮಗ್ಗುಲಾಗಿ ಬಿದ್ದಿದ್ದವು. ನಹೋದಾ ಇಲ್ಲ. ಪಕ್ಕದಲ್ಲಿ ಒಬ್ಬ ಮುದುಕರು ಕಾಲ್ಬೆರಳಲ್ಲಿ ಹಾಯಿಯ ಬಟ್ಟೆ ಒತ್ತಿ ಹಿಡಿದು ದಬ್ಬಣದಲ್ಲಿ ಹೊಲಿಯುತ್ತಿದ್ದರು. ಅವರಿಗೆ ‘ಸಾ ನ್ನೆ’ ಅಂದೆ. ಅವರು ತಲೆ ಎತ್ತಿ ಬಿಸಿಲು ನೋಡಿ, ‘ಸಸಾ ಸಾ ಕುಮಿ’ ಅಂದರು. ಈಗ ಗಂಟೆ ಹತ್ತು! ನನ್ನ ಗಡಿಯಾರ ನೋಡಿದೆ. ನಾಲ್ಕು. ಗಡಿಯಾರವನ್ನು ಅವರ ಮುಖಕ್ಕೆ ಹಿಡಿದೆ. ಅವರು ನಾಲ್ಕರ ಮೇಲೆ ನಿಂತ ಮುಳ್ಳನ್ನೇ ನೋಡಿ ಸಮಾಧಾನವಾಗಿ ಮತ್ತೆ ‘ಕುಮಿ’ ಅಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನ್ನ ಪ್ರವಾಸ ಹಾಳಾದದ್ದು ಇಲ್ಲೇ. ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಮಧ್ಯರಾತ್ರಿಯಿಂದ ಅಲ್ಲ, ಬೆಳಗಾದ ಮೇಲೆ. ನಮ್ಮ ಬೆಳಗಿನ ಏಳು ಅವರಿಗೆ ‘ಸಾ ಮೋಜಾ’, ಅಂದರೆ ಒಂದು. ನಮ್ಮ ಮಧ್ಯಾಹ್ನ ಹನ್ನೆರಡು ಅವರ ಆರು. ಸಂಜೆ ಆರು ಅವರ ಹನ್ನೆರಡು. ಸಂಜೆ ಏಳಕ್ಕೆ ಮತ್ತೆ ಒಂದರಿಂದ ಶುರು. ಗಡಿಯಾರ ನಮ್ಮ ಹಾಗೆಯೇ ಇಟ್ಟುಕೊಂಡು, ಮುಳ್ಳಿನ ಎದುರು ತುದಿಯ ಅಂಕಿ ಓದುತ್ತಾರೆ. ಲಾಮು ಭೂಮಧ್ಯರೇಖೆಯಿಂದ ಬರೀ ಎರಡು ಡಿಗ್ರಿ ದಕ್ಷಿಣಕ್ಕಿದೆ. ವರ್ಷವಿಡೀ ಹಗಲು ಹೆಚ್ಚುಕಮ್ಮಿ ಹನ್ನೆರಡೇ ಗಂಟೆ, ಹಾಗಾಗಿ ಈ ಲೆಕ್ಕ ಎಂದೂ ತಪ್ಪುವುದಿಲ್ಲ. ಅವನ ‘ನಾಲ್ಕು’ ಬೆಳಿಗ್ಗೆ ಹತ್ತು ಗಂಟೆ. ಹತ್ತಕ್ಕೆ ನಾನು ಕೋಣೆಯ ಜಗಲಿಯಲ್ಲಿ ಕೂತು ‘ಇನ್ನೂ ಆರು ಗಂಟೆ ಇದೆ’ ಅಂತ ಚಹಾ ಕುಡಿಯುತ್ತಿದ್ದೆ.

ಇದರಲ್ಲಿ ನಾಚಿಕೆಯ ವಿಷಯ ಎರಡು. ಒಂದು, ಇಂಗ್ಲಿಷಿನಲ್ಲಿ ಕೇಳಿದ್ದರೆ ಅವನು ಹತ್ತು ಅಂತಲೇ ಹೇಳುತ್ತಿದ್ದ. ಪ್ರವಾಸಿಗರ ಜೊತೆ ದಿನಾ ಕೆಲಸ ಮಾಡುವವರಿಗೆ ಎರಡೂ ಲೆಕ್ಕ ಗೊತ್ತು. ಅವನ ಭಾಷೆಯಲ್ಲಿ ಕೇಳಿದವನಿಗೆ ಅವನ ಗಂಟೆಯಲ್ಲೇ ಉತ್ತರ ಕೊಟ್ಟ, ಅಷ್ಟೇ. ಎರಡು, ನಮ್ಮ ಅಜ್ಜ ಪಂಚಾಂಗ ಹಿಡಿದು ಸೂರ್ಯೋದಯದಿಂದಲೇ ಘಳಿಗೆ ಎಣಿಸುತ್ತಿದ್ದರು. ನೋಡಿ ನೋಡಿ ಬೆಳೆದೂ ತಲೆಗೆ ಹೋಗಲಿಲ್ಲ.

ಸರಿ, ಈಗಲಾದರೂ ಇನ್ನೊಂದು ದೋಣಿ ಹಿಡಿಯೋಣ ಅಂದರೆ ಮುದುಕರು ಕೆಸರಿನ ಕಡೆ ಕೈ ಮಾಡಿ ‘ಮಾಜಿ ಹಕುನಾ’ ಅಂದರು. ನೀರಿಲ್ಲ. ತಕ್ವಾದ ಹೊಳೆಗೆ ದೋಣಿ ನುಗ್ಗುವುದು ಉಬ್ಬರದ ಆಸುಪಾಸಿನಲ್ಲಿ ಮಾತ್ರ. ಅಂದು ಉಬ್ಬರ ಹನ್ನೊಂದರ ಹೊತ್ತಿಗೆ ಇತ್ತು, ಅದಕ್ಕೇ ಅವನು ಹತ್ತು ಅಂದದ್ದು. ಮರುದಿನ ಉಬ್ಬರ ಮುಕ್ಕಾಲು ಗಂಟೆಗೂ ಜಾಸ್ತಿ ತಡ. ನನ್ನ ಮೊಂಬಾಸಾ ವಿಮಾನ ಮಧ್ಯಾಹ್ನವೇ. ಎಕ್ಸೆಲ್‌ನಲ್ಲಿ ಹಸಿರು ಬಣ್ಣದ ಚೌಕ. ಹೋದೆ. ಮೊಂಬಾಸಾದ ಫೋರ್ಟ್ ಜೀಸಸ್ ಕೋಟೆಯ ಗೋಡೆ ಮೇಲೆ ನಿಂತು ಪೋರ್ಚುಗೀಸರು 1593ರಲ್ಲಿ ಇದನ್ನು ಕಟ್ಟಲು ಶುರುಮಾಡಿದರು ಅಂತ ಗೈಡ್ ಹೇಳುತ್ತಿದ್ದರೆ, ನನ್ನ ತಲೆಯಲ್ಲಿ ಆ ಕೆಸರು. ಜಾಂಜಿಬಾರ್‌ನಲ್ಲಿ ಒಂದೂವರೆ ದಿನ ಕಳೆದೆ. ನೆನಪಿರುವುದು ವಿಮಾನ ನಿಲ್ದಾಣದ ಸಾಲು.

ಈ ಕರಾವಳಿಯಲ್ಲಿ ಹೊತ್ತು ತಪ್ಪಿದವರಲ್ಲಿ ನಾನೇ ಮೊದಲಿಗನಲ್ಲ ಬಿಡಿ. ವಾಸ್ಕೋ ಡ ಗಾಮ 1498ರಲ್ಲಿ ಮಾಲಿಂದಿಯಿಂದ ಹೊರಟು ಒಂದು ತಿಂಗಳೊಳಗೆ ಕಲ್ಲಿಕೋಟೆ ಮುಟ್ಟಿದ, ಗಾಳಿ ಹಿಂದಿನಿಂದ ತಳ್ಳುತ್ತಿತ್ತು. ವಾಪಸ್ ಹೋಗುವಾಗ ನಮ್ಮ ಕಾರವಾರದ ಎದುರಿನ ಅಂಜದೀವದಿಂದ ಅಕ್ಟೋಬರ್ ಮೊದಲಲ್ಲೇ ಹೊರಟ. ಈಶಾನ್ಯದ ಗಾಳಿ ಇನ್ನೂ ಹಿಡಿದಿರಲಿಲ್ಲ. ಸುಮಾರು ಮೂರು ತಿಂಗಳು ಸಮುದ್ರದಲ್ಲೇ ಕೊಳೆತು, ಜನ ಕಳೆದುಕೊಂಡು ಆ ಕಡೆ ಸೇರಿದ.

ಎರಡು ವರ್ಷ ಬಿಟ್ಟು ಮತ್ತೆ ಹೋದೆ. ಐದೂ ದಿನ ಲಾಮು ಒಂದೇ. ಆಗ ನನಗೆ ತಿಳಿದದ್ದು, ನಿಮ್ಮ ‘ಸಂಸ್ಕೃತಿ ಬೇರೆ, ಪ್ರಕೃತಿ ಬೇರೆ’ ಲೆಕ್ಕ ಅಲ್ಲಿ ನಡೆಯುವುದಿಲ್ಲ. ನಾನು ಉಳಿದ ಹಳೇ ಮನೆಯ ಕೋಣೆ ಉದ್ದಕ್ಕಿತ್ತು, ಅಗಲ ಮಾತ್ರ ತೀರಾ ಕಮ್ಮಿ. ಯಾಕೆ ಹೀಗೆ ಅಂತ ಕೇಳಿದರೆ ಮನೆಯಾಕೆ ಮೇಲೆ ಬೆರಳು ತೋರಿಸಿದರು. ಸೂರಿಗೆ ಹಾಕಿದ್ದು ಬೊರಿತಿ, ಅಂದರೆ ಕಾಂಡ್ಲಾ ಮರದ ತೊಲೆ. ಆ ಮರ ಎಷ್ಟುದ್ದ ಸಿಗುತ್ತದೋ ಕೋಣೆ ಅಷ್ಟೇ ಅಗಲ. ಗೋಡೆ ಹವಳದ ಕಲ್ಲು, ಗಾರೆಯ ಸುಣ್ಣವೂ ಹವಳ ಸುಟ್ಟದ್ದೇ. 2001ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಊರು ಅಂದರೆ ಇದೇ ಮರ, ಇದೇ ಕಲ್ಲು. ‘ಸ್ವಾಹಿಲಿ’ ಅನ್ನುವ ಪದವೂ ಅರಬ್ಬಿಯ ‘ಕರಾವಳಿ’ ಅನ್ನುವುದರಿಂದಲೇ ಬಂದದ್ದು.

ಅದೇ ಮನೆಯಾಕೆ ಕಾಯಿ ತುರಿಯಲು ಒಂದು ಮಡಚುವ ಮಣೆ ತೆಗೆದರು. ಕೂರಲು ಹಲಗೆ, ಮುಂದೆ ಹಲ್ಲುಹಲ್ಲಿನ ಕಬ್ಬಿಣದ ನಾಲಿಗೆ. ಅದರ ಹೆಸರು ‘ಮ್ಬೂಜಿ’, ಅಂದರೆ ಆಡು. ನಮ್ಮ ಈಳಿಗೆಮಣೆಯ ತಂಗಿ! ಕೊಡಿ ಇಲ್ಲಿ ಅಂತ ಕೂತು ನಾನೇ ಒಂದು ಕಾಯಿ ತುರಿದುಕೊಟ್ಟೆ. ಆಮೇಲೆ ನಾನು ಅತಿಥಿಯಾಗಿ ಉಳಿಯಲಿಲ್ಲ. ಬೆಳಿಗ್ಗೆ ತೆಂಗಿನ ಹಾಲಿನಲ್ಲಿ ಬೆಂದ ತೊಗರಿಕಾಳು, ಜೊತೆಗೆ ಹಿಟ್ಟಿಗೆ ಏಲಕ್ಕಿ ಹಾಕಿ ಕರಿದ ಮಹಮ್ರಿ ಅನ್ನುವ ತಿಂಡಿ. ಯಾವ ಪ್ಯಾಕೇಜಿನಲ್ಲಿ ಇದು ಬರುತ್ತದೆ ಹೇಳಿ?

ತಕ್ವಾಕ್ಕೂ ಹೋದೆ. ಈ ಸಲ ‘ಸಾ ಸಿತಾ’, ಮಧ್ಯಾಹ್ನ ಹನ್ನೆರಡು. ಮಸೀದಿ ಮುಂದೆ ಇನ್ನೂ ಸ್ವಲ್ಪ ಕೂರೋಣ ಅನ್ನುವಷ್ಟರಲ್ಲಿ ನಹೋದಾ ಸೀಟಿ ಹೊಡೆದ. ಹೊಳೆಯ ನೀರು ಆಗಲೇ ಬೇರುಗಳಿಂದ ಒಂದು ಗೇಣು ಕೆಳಗಿಳಿದಿತ್ತು.

ಆದ್ದರಿಂದ ಪ್ಯಾಕೇಜ್ ಬಿಡಿ, ಒಂದೇ ಊರು ಹಿಡಿಯಿರಿ. ಚಿಕ್ಕ ಮಕ್ಕಳಿದ್ದರೆ ಜಾಂಜಿಬಾರ್ ಸುಲಭ. ಆದರೆ ಪೂರ್ವ ದಡದ ಜಾಂಬಿಯಾನಿ ಕಡೆ ಉಳಿಯಿರಿ, ಇಳಿತದ ಹೊತ್ತಿಗೆ ಹೆಂಗಸರು ಸಮುದ್ರಪಾಚಿ ಕೊಯ್ಯುವುದು ಕಾಣುತ್ತದೆ. ಇಲ್ಲವಾದರೆ ಲಾಮು. ಅಲ್ಲಿಗೆ ರಸ್ತೆ ದಾರಿ ಬೇಡ, ಜಿಲ್ಲೆ ಸೊಮಾಲಿಯಾ ಗಡಿಗೆ ತಾಗಿಕೊಂಡಿದೆ. ವಿಮಾನದಲ್ಲೇ ಹೋಗಿ, ಟಿಕೆಟ್ ಮಾಡುವ ಮುಂಚೆ ಭದ್ರತೆಯ ಸೂಚನೆಗಳನ್ನು ನೋಡಿಕೊಳ್ಳಿ. ಹೊರಡುವ ಹತ್ತು ದಿನ ಮೊದಲೇ ಹಳದಿ ಜ್ವರದ ಲಸಿಕೆ ಹಾಕಿಸಿ, ಚೀಟಿ ಇಲ್ಲದೆ ಕೀನ್ಯಾದಿಂದ ವಾಪಸ್ ಬಂದರೆ ನಮ್ಮವರೇ ತಡೆದು ಕೂರಿಸುತ್ತಾರೆ. ರಂಜಾನಿನಲ್ಲಿ ಹಗಲು ಊಟ ಸಿಗುವುದು ಕಷ್ಟ.

ದೋಣಿ ಗೊತ್ತು ಮಾಡುವಾಗ ಅಂಕಿ ಕೇಳಬೇಡಿ, ಬೆರಳೂ ಎತ್ತಬೇಡಿ. ಆ ಹೊತ್ತಿಗೆ ಬಿಸಿಲು ಎಲ್ಲಿರುತ್ತದೆ ಅಂತ ಆಕಾಶಕ್ಕೆ ಕೈ ತೋರಿಸಲು ಹೇಳಿ.

ಅಂದಹಾಗೆ, ಯಾವ ತಿಂಗಳು ಹೋಗುತ್ತೀರಿ ಅಂತಲೇ ನೀವು ಬರೆದಿಲ್ಲ. ಏಪ್ರಿಲ್-ಮೇ ಆದರೆ ದೊಡ್ಡ ಮಳೆ, ಮೇಲೆ ಹೇಳಿದ್ದರಲ್ಲಿ ಅರ್ಧ ಬದಲಾಗುತ್ತದೆ. ಕಾಮೆಂಟಿನಲ್ಲಿ ತಿಳಿಸಿ.