ಪ್ರಾಗ್‌ಗೆ ಎರಡನೇ ಸಲ ಕ್ಯಾಮೆರಾ ಹಿಡ್ಕೊಂಡು ಹೋಗೋರಿಗೆ

ಪ್ರಶ್ನೆ: ನಮಸ್ಕಾರ ಸರ್. ಹಿಂದೆ ಒಂದು ಜೂನ್‌ನಲ್ಲಿ ಚೆಕ್ ದೇಶದ ಪ್ರಾಗ್‌ಗೆ ಹೋಗಿದ್ದೆ, ಆ ಊರು ಎಷ್ಟು ಹಿಡಿಸಿಬಿಡ್ತು ಅಂದ್ರೆ ಈಗ ಡಿಸೆಂಬರ್‌ನಲ್ಲಿ ಮತ್ತೆ ಹೊರಟಿದೀನಿ. ಆದ್ರೆ ಹಳೇ ಫೋಟೋ ತೆಗೆದು ನೋಡಿದ್ರೆ ಎಲ್ಲಾ ಪೋಸ್ಟ್‌ಕಾರ್ಡ್ ಥರಾನೇ ಇವೆ, ಚಾರ್ಲ್ಸ್ ಬ್ರಿಡ್ಜ್‌ನಿಂದ ಸಂಜೆ ತೆಗೆದಿದ್ರಲ್ಲಂತೂ ಗುಡ್ಡದ ಮೇಲಿನ ಕ್ಯಾಸಲ್ (ಕೋಟೆ-ಅರಮನೆ) ಪೂರ್ತಿ ಕಪ್ಪಗೆ ಬಂದಿದೆ. ಈ ಸಲ ಅದೇ ಜಾಗಗಳಿಗೆ ಹೋಗ್ಲಾ, ಹೊಸ ಜಾಗ ಹುಡುಕ್ಲಾ?

ಉತ್ತರ: ಅದೇ ಜಾಗಗಳಿಗೇ ಹೋಗಿ, ಧೈರ್ಯವಾಗಿ ಹೋಗಿ. ನೀವು ಜೂನ್‌ನಲ್ಲಿ ನೋಡಿದ ಪ್ರಾಗ್ ಮೇಲೆ ಬಿದ್ದ ಬಿಸಿಲೇ ಬೇರೆ, ಡಿಸೆಂಬರ್ ಬಿಸಿಲೇ ಬೇರೆ. ಕ್ಯಾಸಲ್ ಯಾಕೆ ಕಪ್ಪಗೆ ಬಂತು ಅಂದ್ರೆ, ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಮುಳುಗೋದು ವಾಯವ್ಯ ದಿಕ್ಕಿಗೆ, ಸೇತುವೆಯ ಓಲ್ಡ್ ಟೌನ್ ತುದಿಯಿಂದ ನೋಡಿದ್ರೆ ಕ್ಯಾಸಲ್ ಇರೋದೂ ಅದೇ ದಿಕ್ಕಲ್ಲಿ. ಜೂನ್ 21ರ ಆಸುಪಾಸಲ್ಲಿ ಆ ತುದಿಯ ಗೋಪುರದ ಹತ್ರ ನಿಂತ್ರೆ ಸೂರ್ಯ ಹೆಚ್ಚುಕಮ್ಮಿ ಕ್ಯಾಸಲ್ ಒಳಗಿರೋ ದೊಡ್ಡ ಚರ್ಚು ಸೇಂಟ್ ವೈಟಸ್ ಕೆಥೆಡ್ರಲ್ ಮೇಲೇ ಇಳೀತಾನೆ, ಅಂದ್ಮೇಲೆ ಬೆಳಕೆಲ್ಲಾ ಅದರ ಬೆನ್ನಿಗೆ, ನಮ್ಮ ಕಡೆಗೆ ನೆರಳು. ಕ್ಯಾಮೆರಾದ್ದೂ ತಪ್ಪಲ್ಲ, ನಿಮ್ದೂ ಅಲ್ಲ.

ಡಿಸೆಂಬರ್‌ನಲ್ಲಿ ಇದು ಪೂರ್ತಿ ಬದಲಾಗತ್ತೆ. ಸೂರ್ಯ ಆಗ್ನೇಯದಲ್ಲಿ ಹುಟ್ಟಿ ನೈಋತ್ಯದಲ್ಲಿ ಮುಳುಗ್ತಾನೆ, ಇಡೀ ದಿನ ದಕ್ಷಿಣದ ಆಕಾಶದಲ್ಲಿ ತಗ್ಗಲ್ಲೇ ಓಡಾಡ್ತಾನೆ. ಜೂನ್ ಮಧ್ಯಾಹ್ನ ಅಲ್ಲಿ ಸೂರ್ಯನ ಎತ್ತರ ಸುಮಾರು 63 ಡಿಗ್ರಿ, ಡಿಸೆಂಬರ್ ಕೊನೆ ಕೊನೆಗೆ ಬರೀ 16-17 ಡಿಗ್ರಿ. ಕ್ಯಾಸಲ್‌ನ ಉದ್ದನೆ ಮುಖ ಇರೋದೂ ದಕ್ಷಿಣಕ್ಕೇ, ಹಾಗಾಗಿ ಮೋಡ ಇಲ್ಲದ ದಿನ ಸಿಕ್ಕಿದ್ರೆ ಹತ್ತು ಗಂಟೆಯಿಂದ ಮೂರು ಗಂಟೆವರೆಗೂ ಬೆಳಕು ಓರೆಯಾಗಿ ಬಿದ್ದು ಒಂದೊಂದು ಕಿಟಕಿ ಚೌಕಟ್ಟೂ ಎದ್ದು ಕಾಣತ್ತೆ. ಬೇಸಿಗೆಯಲ್ಲಿ ಕ್ಯಾಮೆರಾ ಬ್ಯಾಗಲ್ಲಿಡೋ ನಡು ಮಧ್ಯಾಹ್ನವೇ ಚಳಿಗಾಲದಲ್ಲಿ ಕೆಲಸ ಮಾಡೋ ಹೊತ್ತು. ನನ್ನ ಕೇಳಿದ್ರೆ ಹಳೇ ಊರಿಗೆ ಮತ್ತೆ ಹೋಗೋರಿಗೆ ಸಿಗೋ ದೊಡ್ಡ ಲಾಭ ಇದೇ. ಎಲ್ಲಿ ಏನಿದೆ ಅಂತ ಗೊತ್ತಿರತ್ತೆ, ಬೆಳಕು ಒಂದನ್ನ ಕಾದ್ರೆ ಸಾಕು.

ಇನ್ನು ಸೇತುವೆ. 1357ರಲ್ಲಿ ದೊರೆ ನಾಲ್ಕನೇ ಚಾರ್ಲ್ಸ್ ಶುರು ಮಾಡ್ಸಿದ್ದು, ಅರ್ಧ ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ಉದ್ದ, ಎರಡೂ ಕಡೆ ಸೇರಿ 30 ಪ್ರತಿಮೆ ಗುಂಪುಗಳು. ಜೂನ್‌ನಲ್ಲಿ ಜನ ಇಲ್ಲದ ಸೇತುವೆ ಬೇಕು ಅಂದ್ರೆ ಬೆಳಗಿನ ಜಾವ ಐದಕ್ಕೆ ಮೊದಲೇ ಅಲ್ಲಿರ್ಬೇಕು, ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟೋದೇ ಎಂಟರ ಸುಮಾರಿಗೆ, ಆರಾಮಾಗಿ ಎದ್ದು ಕಾಫಿ ಕುಡಿದು ಹೋಗ್ಬೋದು. ಕ್ಯಾಸಲ್ ಕಡೆಯ ದಡದ ಮಾಲಾ ಸ್ತ್ರಾನಾ ತುದಿಯಿಂದ ಓಲ್ಡ್ ಟೌನ್ ಕಡೆ ಮುಖ ಮಾಡಿ ನಿಂತ್ಕೊಳಿ, ಬೆಳಕು ಬಲಗಡೆಯಿಂದ ಬರತ್ತೆ, ವಲ್ಟಾವಾ ನದಿ ಮೇಲೆ ಮಂಜಿದ್ರೆ ಪ್ರತಿಮೆಗಳು ಹತ್ತಿರದ್ದು ಗಾಢ, ದೂರದ್ದು ತೆಳು ಹೀಗೆ ಒಂದರ ಹಿಂದೆ ಒಂದು ಕರಗ್ತಾ ಹೋಗತ್ವೆ, ಇಲ್ಲಿ ವೈಡ್ ಲೆನ್ಸ್ ಬೇಡ, 85 ಅಥವಾ 135 ಎಂಎಂ ಹಾಕಿ. ಟ್ರೈಪಾಡ್ ಇಲ್ಲಾಂದ್ರೂ ಚಿಂತೆ ಇಲ್ಲ, ಕಲ್ಲಿನ ತಡೆಗೋಡೆ ಅಗಲವಾಗಿದೆ, ಅದರ ಮೇಲೆ ಬ್ಯಾಗ್ ಇಟ್ಟು ಕ್ಯಾಮೆರಾ ಊರಿದ್ರೆ ಅರ್ಧ ಸೆಕೆಂಡ್ ಎಕ್ಸ್‌ಪೋಶರ್‌ಗೂ ಅಲುಗಲ್ಲ, ಆದ್ರೆ ಸ್ಟ್ರಾಪ್ ಕೈಗೆ ಸುತ್ಕೊಂಡಿರಿ, ಕೆಳಗೆ ನದಿ. ಸೇತುವೆ ಮೇಲಿರೋವು ಗ್ಯಾಸ್ ದೀಪಗಳು, ಕ್ರಿಸ್‌ಮಸ್‌ಗೆ ಮುಂಚಿನ ಅಡ್ವೆಂಟ್ ವಾರಗಳಲ್ಲಿ ಹಳೇ ಕಾಲದ ಉಡುಪು ಹಾಕ್ಕೊಂಡ ದೀಪದವನೊಬ್ಬ ಉದ್ದ ಕೋಲು ಹಿಡಿದು ಒಂದೊಂದೇ ಹಚ್ಚಿಕೊಂಡು ಬರ್ತಾನೆ. ಸೂರ್ಯ ಮುಳುಗೋದು ನಾಲ್ಕಕ್ಕೇ ಆದ್ದರಿಂದ ಆಕಾಶದಲ್ಲಿನ್ನೂ ನೀಲಿ ಇರೋವಾಗ್ಲೇ ದೀಪದ ಹಳದಿನೂ ಸಿಗತ್ತೆ. ಕ್ಯಾಮೆರಾದಲ್ಲಿ ಬಣ್ಣದ ಛಾಯೆ ಸರಿಮಾಡೋ ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಡಬೇಡಿ, ಅದು ಆ ಹಳದಿನೆಲ್ಲಾ ತೊಳೆದುಹಾಕಿಬಿಡತ್ತೆ, ಡೇಲೈಟ್‌ಗೆ ಹಾಕಿಡಿ.

ಪ್ರಶ್ನೆ: ನಾವೂ ಎರಡನೇ ಸಲ ಹೋಗ್ತಿದೀವಿ. ದೊಡ್ಡ ದೊಡ್ಡ ಕಟ್ಟಡ ಎಲ್ಲಾ ತೆಗೆದಾಯ್ತು, ಈ ಸಲ ಚಿಕ್ಕದೇನಾದ್ರೂ ಹಿಡಿದು ಒಂದು ಸೀರೀಸ್ ಮಾಡ್ಬೇಕು ಅಂತ ಆಸೆ.

ಉತ್ತರ: ಮನೆ ಗುರುತುಗಳನ್ನ ಹಿಡೀರಿ. 1770ರಲ್ಲಿ ರಾಣಿ ಮರಿಯಾ ಥೆರೇಸಾ ಕಾಲದಲ್ಲಿ ಮನೆಗಳಿಗೆ ನಂಬರ್ ಬರೋಕ್ ಮುಂಚೆ ಪ್ರಾಗ್‌ನಲ್ಲಿ ವಿಳಾಸ ಹೇಳ್ತಿದ್ದಿದ್ದೇ ಬಾಗಿಲ ಮೇಲಿನ ಚಿತ್ರದಿಂದ, ಮೂರು ಪಿಟೀಲಿನ ಮನೆ, ಎರಡು ಸೂರ್ಯರ ಮನೆ, ಚಿನ್ನದ ಕೀಲಿಯ ಮನೆ ಹೀಗೆ. ನೆರುದೋವಾ ರಸ್ತೆಯಲ್ಲಿ ಇವು ಸಾಲಾಗಿ ಸಿಗತ್ವೆ. 22ನೇ ನಂಬರ್ ಟ್ರಾಮ್ ಹತ್ತಿ ಮೇಲೆ ಪೊಹೊರ್ಜೆಲೆಟ್ಸ್‌ನಲ್ಲಿ ಇಳಿದು ಕೆಳಗೆ ನಡ್ಕೊಂಡು ಬನ್ನಿ, ಕಾಲಿಗೂ ಸುಖ. ಗುರುತುಗಳು ತಲೆಗಿಂತ ಮೇಲಿರೋದ್ರಿಂದ ಬುಡದಲ್ಲಿ ನಿಂತು ಕ್ಯಾಮೆರಾ ಎತ್ತಿದ್ರೆ ಗೋಡೆ ಹಿಂದಕ್ಕೆ ವಾಲಿದ ಹಾಗೆ ಬರತ್ತೆ, ಎದುರು ಫುಟ್‌ಪಾತ್‌ಗೆ ಹೋಗಿ ಜೂಮ್ ಮಾಡಿ. ಮೋಡದ ದಿನ ಇದಕ್ಕೆ ಇಟ್ಕೊಳಿ, ಗಾರೆಯ ಉಬ್ಬುಶಿಲ್ಪದ ಬಣ್ಣ ಆಗಲೇ ಚೆನ್ನಾಗಿ ಬರೋದು. ಹಾಗೇ ಬಾಗಿಲ ಪಕ್ಕ ಎರಡು ಎನಾಮೆಲ್ ಫಲಕ ಇರತ್ವೆ ನೋಡಿ, ಕೆಂಪು ಒಂದು, ನೀಲಿ ಒಂದು. ಕೆಂಪಿನದು ಆ ಪ್ರದೇಶದ ದಾಖಲೆಯಲ್ಲಿರೋ ಕಟ್ಟಡದ ನಂಬರ್, ನೀಲಿದು ಆ ರಸ್ತೆಯಲ್ಲಿ ಮನೆ ಎಷ್ಟನೇದು ಅನ್ನೋದು. ಗುರುತು, ಕೆಂಪು, ನೀಲಿ ಮೂರೂ ಒಂದೇ ಫ್ರೇಮಲ್ಲಿ ಬಂದ್ರೆ ಒಂದೇ ಮನೆಯ ಮೂರು ಕಾಲದ ವಿಳಾಸ ನಿಮಗೆ ಸಿಕ್ಕಿದ ಹಾಗೆ.

ಹೋಗೋಕ್ ಮುಂಚೆ ಯೋಸೆಫ್ ಸುದೆಕ್ (1896–1976) ಫೋಟೋಗಳನ್ನ ದಯವಿಟ್ಟು ನೋಡಿ. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳ್ಕೊಂಡ ಮನುಷ್ಯ, ಉಳಿದ ಒಂದೇ ಕೈಯಲ್ಲಿ ಭಾರದ ಕ್ಯಾಮೆರಾ ಹೊತ್ಕೊಂಡು ಪ್ರಾಗ್‌ನ ಜೀವಮಾನ ಪೂರ್ತಿ ತೆಗೆದ್ರು. ನಾಜಿ಼ಗಳು ಊರನ್ನ ಹಿಡಿದಿದ್ದ ವರ್ಷಗಳಲ್ಲಿ ಅವರು ತಮ್ಮ ಸ್ಟುಡಿಯೋ ಕಿಟಕಿಗೇ ಕ್ಯಾಮೆರಾ ತಿರುಗಿಸಿದ್ರು, ಅದೇ ಗಾಜು, ಆಚೆ ಅದೇ ಸೊಟ್ಟ ಮರ, ಒಮ್ಮೆ ಹನಿ ಒಮ್ಮೆ ಹಿಮ, ಒಂದೊಂದು ಚಿತ್ರನೂ ಬೇರೆ. ಊಯೆಜ಼್ಡ್ ರಸ್ತೆಯ ಒಳಗಿನ ತೋಟದಲ್ಲಿ ಮರದಿಂದ ಕಟ್ಟಿದ್ದ ಆ ಸ್ಟುಡಿಯೋವನ್ನ ಮತ್ತೆ ಕಟ್ಟಿ ಗ್ಯಾಲರಿ ಮಾಡಿದಾರೆ, ಪುಟ್ಟದು, ಮಿಸ್ ಮಾಡ್ಕೋಬೇಡಿ.

ಪ್ರಶ್ನೆ: ಸೇಂಟ್ ವೈಟಸ್ ಒಳಗಿನ ಬಣ್ಣದ ಗಾಜು ಹೋದ ಸಲ ಬರೀ ಬಿಳಿ ಮಚ್ಚೆಯಾಗಿ ಬಂತು. ಟ್ರೈಪಾಡ್ ಒಯ್ಯಬಹುದಾ?

ಉತ್ತರ: ಒಳಗೆ ಟ್ರೈಪಾಡೂ ಇಲ್ಲ, ಫ್ಲ್ಯಾಶೂ ಇಲ್ಲ, ನಿಮಗೆ ಅವು ಬೇಕಾಗೋದೂ ಇಲ್ಲ. ಕತ್ತಲೆ ಗೋಡೆ ನೋಡಿ ಕ್ಯಾಮೆರಾ ಬೆಳಕು ಜಾಸ್ತಿ ಮಾಡಿದ್ದಕ್ಕೆ ಗಾಜು ಬೆಳ್ಳಗಾಗಿದೆ. ಗಾಜಿನ ಮೇಲೇ ಸ್ಪಾಟ್ ಮೀಟರ್ ಮಾಡಿ, ಅಂದ್ರೆ ಅಷ್ಟು ಜಾಗದ ಬೆಳಕನ್ನಷ್ಟೇ ಕ್ಯಾಮೆರಾ ಅಳೆಯೋ ಹಾಗೆ ಮಾಡಿ, ಇಲ್ಲ ಎಕ್ಸ್‌ಪೋಶರ್ ಒಂದೂವರೆ ಎರಡು ಸ್ಟಾಪ್ ಕಮ್ಮಿ ಮಾಡಿ. ಒಳಗೆ ಹೋಗ್ತಾ ಎಡಗಡೆ ಮೂರನೇ ಚಾಪೆಲ್‌ನಲ್ಲಿ (ಪುಟ್ಟ ಪ್ರಾರ್ಥನಾ ಕೋಣೆ) ಚೆಕ್ ಕಲಾವಿದ ಅಲ್ಫೋನ್ಸ್ ಮೂಖಾ ಕಿಟಕಿ ಇದೆ, ಅದು ಉತ್ತರ ಗೋಡೆ, ನೇರ ಬಿಸಿಲು ಬೀಳಲ್ಲ, ಯಾವ ಹೊತ್ತಿಗೆ ಹೋದ್ರೂ ಬೆಳಕು ಮೆತ್ತಗೇ ಇರತ್ತೆ. ಬಿಸಿಲಿದ್ದ ದಿನ ಮಧ್ಯಾಹ್ನದ ಹೊತ್ತಿಗೆ ದಕ್ಷಿಣದ ಕಿಟಕಿಗಳ ಬಣ್ಣ ಕಂಬಗಳ ಮೇಲೆ ಬಿದ್ದಿರತ್ತೆ, ಕಿಟಕಿ ಬಿಟ್ಟು ಆ ಕಂಬನ ತೆಗೀರಿ. ಕೆಲಸ ಶುರುವಾಗಿದ್ದು 1344ರಲ್ಲಿ, ಮುಗಿದಿದ್ದು 1929ರಲ್ಲಿ, ನೀವು ಒಳಗೆ ಬರೋ ಪಶ್ಚಿಮದ ಭಾಗ ಹೊಸದು, ಆಲ್ಟರ್ ಕಡೆಯದು ಹಳೇದು, ಎರಡೂ ಕಡೆಯ ಕಲ್ಲು ಹತ್ತಿರದಿಂದ ತೆಗೆದು ಪಕ್ಕ ಪಕ್ಕ ಇಟ್ಟು ನೋಡಿ. ಚಳಿಯಿಂದ ಒಳಗೆ ಬಂದ ತಕ್ಷಣ ಲೆನ್ಸ್ ಮೇಲೆ ಹಬೆ ಕೂತ್ರೆ ಬಟ್ಟೆಯಿಂದ ಉಜ್ಜಬೇಡಿ, ಐದ್ಹತ್ತು ನಿಮಿಷ ಬಿಟ್ರೆ ತಾನೇ ಹೋಗತ್ತೆ, ಎಕ್ಸ್‌ಟ್ರಾ ಬ್ಯಾಟರಿ ಮಾತ್ರ ಕೋಟಿನ ಒಳಜೇಬಲ್ಲಿ ಮೈಗೆ ಅಂಟ್ಕೊಂಡೇ ಇರ್ಲಿ.