ಹಿಮ ಬಿದ್ದ ಮರುದಿನ ಬೀದಿಗಿಳಿಯಿರಿ

ನಿಮ್ಮ ಪತ್ರವನ್ನು ಓದಿದೆ. ಸೆಪ್ಟೆಂಬರಿನಲ್ಲಿ ಬಾಸ್ಟನ್ನಿನ ಡಾರ್ಚೆಸ್ಟರಿಗೆ ಬಂದು, ಮೂರಂತಸ್ತಿನ ಮರದ ಮನೆಯೊಂದರ ನಡುವಿನ ಅಂತಸ್ತಿನಲ್ಲಿ ಬಾಡಿಗೆಗಿದ್ದೀರಿ. ಮೂರು ತಿಂಗಳಾದರೂ ಅಕ್ಕಪಕ್ಕದವರು ‘ಹಾಯ್’ ಎನ್ನುವುದರಾಚೆಗೆ ಒಂದು ಮಾತನ್ನೂ ಆಡಿಲ್ಲ. ಈಗ ಸೋಮವಾರ ರಾತ್ರಿ ಒಂದೂವರೆ ಅಡಿ ಹಿಮ ಬೀಳಲಿದೆ ಎಂದು ಹವಾಮಾನ ವರದಿ ಹೇಳುತ್ತಿದೆ. ಪುಟ್ಟ ಮಗುವನ್ನು ಕಟ್ಟಿಕೊಂಡು ಎಷ್ಟು ದಿನ ಬಾಗಿಲು ಹಾಕಿಕೊಂಡು ಕೂರಬೇಕಾದೀತು, ಅಗತ್ಯ ಬಿದ್ದರೆ ಈ ಮೌನಿಗಳ ಬಾಗಿಲನ್ನು ತಟ್ಟಬಹುದೇ ಎಂದು ಕೇಳಿದ್ದೀರಿ.

ಬಾಗಿಲು ಹಾಕಿಕೊಂಡು ಕೂರುವುದು ಒಂದು ರಾತ್ರಿಯ ಮಟ್ಟಿಗೆ ಮಾತ್ರ. ಮರುದಿನ ಬೆಳಿಗ್ಗೆ ನೀವು ಬೀದಿಗಿಳಿಯಬೇಕು, ಇಳಿದರೆ ಮೂರು ತಿಂಗಳಿನಿಂದ ಸಿಗದ ನೆರೆಹೊರೆ ನಿಮಗೆ ಅಂದು ಸಿಗುತ್ತದೆ. ನಾನು 2014ರ ಆಗಸ್ಟಿನಲ್ಲಿ ಇದೇ ಬಡಾವಣೆಗೆ ಬಂದವನು. ಆ ಚಳಿಗಾಲವೇ ಬಾಸ್ಟನ್ನಿನ ದಾಖಲೆಯ ಚಳಿಗಾಲವಾಯಿತು: ಒಟ್ಟು 110.6 ಇಂಚು ಹಿಮ, ಅದರಲ್ಲಿ ತೊಂಬತ್ತು ಇಂಚಿಗೂ ಹೆಚ್ಚು ಜನವರಿಯ ಕೊನೆಯಿಂದ ಫೆಬ್ರುವರಿ ಮೂರನೆಯ ವಾರದವರೆಗಿನ ಮೂವತ್ತು ದಿನಗಳಲ್ಲಿ ಬಿದ್ದದ್ದು. ನಗರದವರು ಲಾರಿಗಳಲ್ಲಿ ಹೊತ್ತು ತಂದು ಬಂದರಿನ ಬಳಿ ಸುರಿದ ಹಿಮದ ಗುಡ್ಡ ಕರಗಿ ಮುಗಿದದ್ದು 2015ರ ಜುಲೈ 14ರಂದು. ಹೆದರಿಸಲು ಇದನ್ನು ಹೇಳುತ್ತಿಲ್ಲ. 2023–24ರ ಇಡೀ ಚಳಿಗಾಲದಲ್ಲಿ ಇಲ್ಲಿ ಬಿದ್ದದ್ದು ಹತ್ತು ಇಂಚಿಗೂ ಕಡಿಮೆ. ಯಾವ ವರ್ಷ ಹೇಗೆ ಎಂದು ಯಾರೂ ಹೇಳಲಾರರು. ಆದರೆ ನನಗೆ ಈ ಬೀದಿಯ ಒಬ್ಬೊಬ್ಬರ ಹೆಸರೂ ತಿಳಿದದ್ದು ಆ ಮೂವತ್ತು ದಿನಗಳಲ್ಲಿ. ಹಿಮವೇ ಬೀಳದ ವರ್ಷಗಳಲ್ಲಿ ಹೊಸದಾಗಿ ಬಂದ ಬಾಡಿಗೆದಾರರ ಹೆಸರುಗಳು ನನಗೆ ಇಂದಿಗೂ ತಿಳಿಯವು.

ಹಿಂದಿನ ದಿನದ ಸಿದ್ಧತೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಅಂಗಡಿಗಳಲ್ಲಿ ಬ್ರೆಡ್ಡು, ಹಾಲು, ಮೊಟ್ಟೆಗಳ ಕಪಾಟು ಬರಿದಾಗಿರುತ್ತದೆ. ಇದು ಇಲ್ಲಿಯ ಹಳೆಯ ಚಾಳಿ, ಇಲ್ಲಿಯವರೇ ಇದನ್ನು ಹಾಸ್ಯ ಮಾಡುತ್ತಾರೆ, ಹಾಸ್ಯ ಮಾಡುತ್ತಲೇ ಸಾಲಿನಲ್ಲಿ ನಿಲ್ಲುತ್ತಾರೆ. ಮಗುವಿಗೆ ಬೇಕಾದುದನ್ನು ಎರಡು ದಿನ ಮುಂಚೆಯೇ ತನ್ನಿ. ಫೋನು, ಟಾರ್ಚುಗಳನ್ನು ಚಾರ್ಜು ಮಾಡಿಡಿ. ನಗರವು ‘ಸ್ನೋ ಎಮರ್ಜೆನ್ಸಿ’ ಘೋಷಿಸಿದರೆ ಮುಖ್ಯ ರಸ್ತೆಗಳಲ್ಲಿ ಕಾರು ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಎಳೆದೊಯ್ಯುತ್ತಾರೆ. ಆದ್ದರಿಂದ ಸಂಜೆಯೊಳಗೆ ಕಾರನ್ನು ಒಳಬೀದಿಗೆ ತಂದು ನಿಲ್ಲಿಸಿ, ವೈಪರುಗಳನ್ನು ಎತ್ತಿಡಿ. ಸಲಿಕೆಯನ್ನು ಮಾತ್ರ ಮನೆಯೊಳಗೇ ಇಟ್ಟುಕೊಳ್ಳಿ. ಹಿಮದಡಿಯಲ್ಲಿ ಹೂತುಹೋದ ಸಲಿಕೆಯನ್ನು ಅಗೆದು ತೆಗೆಯಲು ಇನ್ನೊಂದು ಸಲಿಕೆ ಬೇಕಾಗುತ್ತದೆ ಎಂಬ ಜ್ಞಾನೋದಯ ನನಗೆ ಮೊದಲ ವರ್ಷವೇ ಆಯಿತು.

ಇಲ್ಲಿಯ ದೊಡ್ಡ ಹಿಮಪಾತಗಳು ಹೆಚ್ಚಾಗಿ ‘ನಾರ್‌ಈಸ್ಟರ್’ಗಳು, ಅಂದರೆ ಅಟ್ಲಾಂಟಿಕ್ ಕರಾವಳಿಯ ಉದ್ದಕ್ಕೂ ಮೇಲೇರಿ ಬರುವ ವಾಯುಭಾರ ಕುಸಿತ ಈಶಾನ್ಯದ ಗಾಳಿಯೊಡನೆ ಕಡಲಿನ ತೇವವನ್ನು ತಂದು ಸುರಿಯುವಂಥವು. ರಾತ್ರಿಯೆಲ್ಲ ಗಾಳಿ ಮರದ ಗೋಡೆಗಳನ್ನು ಕಿರುಗುಟ್ಟಿಸುತ್ತದೆ. ಬೆಳಗಾಗುವ ಹೊತ್ತಿಗೆ ಬೀದಿ ಎಷ್ಟು ನಿಶ್ಶಬ್ದವಾಗಿರುತ್ತದೆಂದರೆ ಕಿವಿಯೇ ಕೆಟ್ಟಿತೇ ಎಂಬ ಅನುಮಾನ ಬರುತ್ತದೆ. ಹೊಸ ಹಿಮ ಸದ್ದನ್ನು ಹೀರಿಕೊಳ್ಳುತ್ತದೆ. ಆ ನಿಶ್ಶಬ್ದದಲ್ಲಿ ಮೊದಲು ಕೇಳುವುದು ಯಾರೋ ಸಿಮೆಂಟಿನ ಮೇಲೆ ಸಲಿಕೆಯನ್ನು ಎಳೆಯುವ ಸದ್ದು. ಅದು ಕೇಳಿದೊಡನೆ ನೀವೂ ಬೂಟು ಹಾಕಿಕೊಂಡು ಇಳಿಯಿರಿ.

ಮನೆಯಿಂದ ಹೊರಬರುವ ಬಾಗಿಲು, ಮೆಟ್ಟಿಲುಗಳನ್ನು ಹಿಮವಿಲ್ಲದಂತೆ ಇಡುವುದು ಈ ರಾಜ್ಯದಲ್ಲಿ ಮೂಲತಃ ಮನೆಯ ಮಾಲೀಕರ ಹೊಣೆ. ಮನೆಯ ಮುಂದಿನ ಪಾದಚಾರಿ ದಾರಿಯನ್ನು ಹಿಮ ನಿಂತ ಮೂರು ಗಂಟೆಗಳೊಳಗೆ, ರಾತ್ರಿ ಬಿದ್ದಿದ್ದರೆ ಸೂರ್ಯೋದಯವಾದ ಮೂರು ಗಂಟೆಗಳೊಳಗೆ, ಕನಿಷ್ಠ 42 ಇಂಚು ಅಗಲಕ್ಕೆ ತೆರವುಗೊಳಿಸಬೇಕೆಂಬ ನಗರದ ನಿಯಮವೂ ಮಾಲೀಕರಿಗೇ ಅನ್ವಯಿಸುತ್ತದೆ. 42 ಇಂಚು ಏಕೆಂದರೆ ಗಾಲಿಕುರ್ಚಿಯೋ ಮಗುವಿನ ಗಾಡಿಯೋ ಹಾದುಹೋಗಬೇಕು. ಹೀಗಾಗಿ ‘ನಾನು ಬಾಡಿಗೆಯವನು, ನನಗೇಕೆ’ ಎಂದು ಕಿಟಕಿಯಿಂದ ನೋಡುತ್ತ ಕೂರಲು ಕಾನೂನಿನ ಆಧಾರ ನಿಮಗೆ ಇದ್ದೇ ಇದೆ. ಕೂರಬೇಡಿ ಎಂಬುದು ನನ್ನ ಸಲಹೆ. ಈ ಬೀದಿಯಲ್ಲಿ ಯಾರು ಕೆಳಗಿಳಿದರು, ಯಾರು ಪರದೆ ಸರಿಸಿ ನೋಡಿ ಒಳಗೆ ಹೋದರು ಎಂಬುದನ್ನು ಎಲ್ಲರೂ ಗಮನಿಸುತ್ತಾರೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಮಾತು ಶುರುವಾಗುವ ರೀತಿಗೆ ನೀವು ತಯಾರಾಗಿರಬೇಕು. ‘ಹೌಡ್ ಯು ಮೇಕ್ ಔಟ್?’ ಎಂದು ಎದುರುಮನೆಯ ಹಿರಿಯರು ಕೂಗಿ ಕೇಳಿಯಾರು. ನನ್ನನ್ನು ಮೊದಲ ಸಲ ಹಾಗೆ ಕೇಳಿದಾಗ, ಆ ಪದಗಳಿಗೆ ಸಿನಿಮಾಗಳಲ್ಲಿರುವ ‘ಮುದ್ದಾಡುವುದು’ ಎಂಬ ಅರ್ಥವನ್ನಷ್ಟೇ ಬಲ್ಲ ನಾನು ಕಿವಿಯವರೆಗೆ ಕೆಂಪಾದೆ. ರಾತ್ರಿಯನ್ನು ಹೇಗೆ ಕಳೆದಿರಿ, ಕರೆಂಟು ಇತ್ತೇ, ಮನೆ ಬೆಚ್ಚಗಿತ್ತೇ ಎಂಬುದಷ್ಟೇ ಅದರ ಅರ್ಥ. ‘ಯು ಆಲ್ ಸೆಟ್?’ ಎಂಬುದು ಇನ್ನೊಂದು. ಅದು ‘ಸಹಾಯ ಬೇಕೇ’ ಎಂಬ ಪ್ರಶ್ನೆ; ‘ಆಲ್ ಸೆಟ್’ ಎಂದುತ್ತರಿಸಿದರೆ ‘ಬೇಡ’ ಎಂದಂತೆ. ದಾಕ್ಷಿಣ್ಯಕ್ಕೆ ಬಿದ್ದು ಮೊದಲು ಬೇಡವೆನ್ನುವುದು, ಅವರು ಮತ್ತೆರಡು ಸಲ ಒತ್ತಾಯಿಸಲಿ ಎಂದು ಕಾಯುವುದು ನಮ್ಮ ಅಭ್ಯಾಸ. ಇಲ್ಲಿ ಎರಡನೆಯ ಸಲ ಕೇಳುವುದಿಲ್ಲ. ಬೇಕಿದ್ದರೆ ಬೇಕು ಎಂದು ಮೊದಲ ಸಲವೇ ಹೇಳಿ.

ಅನಂತರದ ಮಾತೆಲ್ಲ ಹಿಮದ ಬಗ್ಗೆಯೇ ಇರುತ್ತದೆ: ಇದು ಹಗುರದ್ದೇ ಭಾರದ್ದೇ, ಮಧ್ಯಾಹ್ನ ಇನ್ನೂ ಬೀಳಲಿದೆಯೇ, ಪ್ಲೌ ಎಷ್ಟು ಗಂಟೆಗೆ ಬಂತು. ರಸ್ತೆಯ ಹಿಮವನ್ನು ಸರಿಸುವ ಪ್ಲೌ ಎಂಬ ಲಾರಿಯ ಕುರಿತು ಎಲ್ಲರಿಗೂ ಒಂದೇ ಅಳಲು. ಅದು ಬಾರದಿದ್ದರೆ ಬೈಗುಳ, ಬಂದರೆ ಇನ್ನೂ ದೊಡ್ಡ ಬೈಗುಳ, ಏಕೆಂದರೆ ನೀವು ಒಂದು ಗಂಟೆ ಬೆವರು ಸುರಿಸಿ ಬಿಡಿಸಿದ ಕಾರಿನ ಮುಂದೆ ಅದು ಮೊಳಕಾಲೆತ್ತರದ ಗಟ್ಟಿ ಹಿಮದ ಬದುವನ್ನು ಹಾಕಿ ಹೋಗಿರುತ್ತದೆ. ಆ ಬದುವನ್ನು ಇಬ್ಬರು ಮೂವರು ಸೇರಿ ಒಡೆಯುವುದೇ ಪದ್ಧತಿ. ಒಡೆದ ಹಿಮವನ್ನು ಮತ್ತೆ ರಸ್ತೆಗೆ ಎಸೆಯಬೇಡಿ, ಅದಕ್ಕೆ ದಂಡವಿದೆ.

ಅರವತ್ತು ದಾಟಿದವರು ಜೊತೆಗಿದ್ದರೆ 1978ರ ಮಾತು ಬಂದೇ ಬರುತ್ತದೆ. ಆ ಫೆಬ್ರುವರಿಯ 6 ಮತ್ತು 7ರಂದು ಇಲ್ಲಿ 27 ಇಂಚು ಬಿದ್ದು, 128ನೆಯ ಹೆದ್ದಾರಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ವಾಹನಗಳು ಹೂತುಹೋಗಿ, ವಾರದ ಮಟ್ಟಿಗೆ ಖಾಸಗಿ ವಾಹನ ಸಂಚಾರವನ್ನೇ ನಿಷೇಧಿಸಲಾಗಿತ್ತು. ಆಗ ಗವರ್ನರ್ ಆಗಿದ್ದ ಮೈಕೆಲ್ ಡುಕಾಕಿಸ್ ಸೂಟು ಬಿಟ್ಟು ಸ್ವೆಟರ್ ತೊಟ್ಟು ಟಿ.ವಿ.ಯಲ್ಲಿ ಮಾತಾಡಿದ್ದನ್ನು ನನ್ನ ಎದುರುಮನೆಯವರು ನನಗೆ ಏಳೆಂಟು ಸಲವಾದರೂ ಹೇಳಿದ್ದಾರೆ. ಎಂಟನೆಯ ಸಲವೂ ಮೊದಲ ಸಲದಂತೆ ಕೇಳಿ. ‘ಇದೇನು ಮಹಾ’ ಎಂದು ಹಳಬರು ಹೇಳುವುದು ಹೊಸಬರನ್ನು ಹೀಯಾಳಿಸಲು ಅಲ್ಲ, ಧೈರ್ಯ ಹೇಳುವ ಅವರ ಬಗೆ ಅದು. ನಾನೂ ಈಗ 2015ರ ಕಥೆಯನ್ನು ಅದೇ ಧಾಟಿಯಲ್ಲಿ ನಿಮಗೆ ಹೇಳುತ್ತಿರುವುದನ್ನು ಗಮನಿಸಿರಬಹುದು.

ಇನ್ನು ಕುರ್ಚಿಗಳ ವಿಷಯ. ಹಿಮ ಬಿದ್ದ ಮೇಲೆ ಬೀದಿಬದಿಯ ಖಾಲಿ ಜಾಗಗಳಲ್ಲಿ ಮುರಿದ ಕುರ್ಚಿ, ಕಸದ ಡಬ್ಬಿ, ಇಸ್ತ್ರಿ ಮೇಜು ಮುಂತಾದವು ನಿಂತಿರುವುದನ್ನು ಕಾಣುವಿರಿ. ಒಬ್ಬರು ಅಗೆದು ಬಿಡಿಸಿಕೊಂಡ ಜಾಗವನ್ನು ಅವರು ಹಿಂದಿರುಗುವವರೆಗೆ ಕಾಯುವ ಗುರುತುಗಳವು. ಸ್ನೋ ಎಮರ್ಜೆನ್ಸಿ ಮುಗಿದ 48 ಗಂಟೆಗಳವರೆಗೆ ನಗರವು ಅವನ್ನು ಸಹಿಸುತ್ತದೆ, ಬಳಿಕ ಕಸದವರು ಎತ್ತಿಕೊಂಡು ಹೋಗುತ್ತಾರೆ; ಸೌತ್ ಎಂಡ್ ಎಂಬ ಬಡಾವಣೆಯಲ್ಲಿ ಮಾತ್ರ ಅವಕ್ಕೆ ಆಸ್ಪದವಿಲ್ಲ. ಇದನ್ನು ಅರಿಯದ ನಾನು ಮೊದಲ ಫೆಬ್ರುವರಿಯಲ್ಲಿ ಒಂದು ಹಳೆಯ ಅಡುಗೆಮನೆ ಕುರ್ಚಿಯನ್ನು ಎತ್ತಿ ಪಕ್ಕಕ್ಕಿಟ್ಟು, ಸಾರ್ವಜನಿಕ ರಸ್ತೆಯೆಂಬ ಧೈರ್ಯದಿಂದ ನನ್ನ ಕಾರನ್ನು ಅಲ್ಲಿ ನಿಲ್ಲಿಸಿಬಿಟ್ಟೆ. ಅರ್ಧ ಗಂಟೆಯಲ್ಲಿ ಕರೆಗಂಟೆ ಬಾರಿಸಿತು. ಕೆಳಮನೆಯ ವಯಸ್ಸಾದ ಹೆಂಗಸು ನಿಂತಿದ್ದರು. ಅವರು ನಿಯಮದ ಮಾತನ್ನೇ ಎತ್ತಲಿಲ್ಲ. ಆ ಕುರ್ಚಿ ಮೂರನೆಯ ಮನೆಯ ನರ್ಸಿನದು, ಆಕೆ ರಾತ್ರಿಪಾಳಿ ಮುಗಿಸಿ ಎಂಟು ಗಂಟೆಗೆ ಬರುತ್ತಾಳೆ, ಆ ಜಾಗವನ್ನು ನಿನ್ನೆ ಒಬ್ಬಳೇ ಎರಡು ಗಂಟೆ ಅಗೆದಳು ಎಂದಷ್ಟೇ ಹೇಳಿ, ನನ್ನ ಬರಿಗಾಲನ್ನು ನೋಡಿ, ಸಾಕ್ಸ್ ಹಾಕಿಕೋ ಎಂದು ಹೇಳಿ ಇಳಿದು ಹೋದರು. ನಾನು ಕಾರು ತೆಗೆದು, ಕುರ್ಚಿಯನ್ನು ಅದರ ಸ್ಥಾನದಲ್ಲಿಟ್ಟು, ನಾಲ್ಕು ಬೀದಿಗಳಾಚೆ ಜಾಗ ಹುಡುಕಿಕೊಂಡೆ. ಆ ನರ್ಸಿಗೆ ಈ ಸಂಗತಿಯನ್ನು ಆ ಹಿರಿಯರು ಹೇಳಿಯೇ ಇರಲಿಲ್ಲವೆಂದು ಎಷ್ಟೋ ಕಾಲದ ಮೇಲೆ ತಿಳಿಯಿತು.

ಬಾಗಿಲು ತಟ್ಟಬಹುದೇ ಎಂಬುದಕ್ಕೆ ಉತ್ತರ: ಬೇರೆ ದಿನಗಳಲ್ಲಿ ಮುಂಚೆ ತಿಳಿಸದೆ ಹೋಗುವುದನ್ನು ಇಲ್ಲಿಯವರು ಅಷ್ಟಾಗಿ ಒಪ್ಪುವುದಿಲ್ಲ, ಆದರೆ ಹಿಮ ಬಿದ್ದ ದಿನ ಆ ಕಟ್ಟುಪಾಡು ಸಡಿಲವಾಗುತ್ತದೆ. ಒಂಟಿಯಾಗಿರುವ ವೃದ್ಧರ ಮನೆಯ ಮೆಟ್ಟಿಲ ಮೇಲೆ ಹೆಜ್ಜೆಗುರುತು ಕಾಣದಿದ್ದರೆ ತಟ್ಟಲೇಬೇಕು. ತಟ್ಟುವಾಗ ಗೋಡೆಯ ಪಕ್ಕಕ್ಕೂ ಒಮ್ಮೆ ಕಣ್ಣು ಹಾಯಿಸಿ. ಮನೆ ಬೆಚ್ಚಗಿಡುವ ಯಂತ್ರದ ಹೊಗೆ ಕೊಳವೆ ಹಲವು ಮನೆಗಳಲ್ಲಿ ಗೋಡೆಯಿಂದ ಕೆಳಮಟ್ಟದಲ್ಲೇ ಹೊರಬಂದಿರುತ್ತದೆ. ಹಿಮ ಅದನ್ನು ಮುಚ್ಚಿದರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲ ಮನೆಯೊಳಗೇ ತುಂಬಿಕೊಳ್ಳುತ್ತದೆ. 2005ರ ಜನವರಿಯಲ್ಲಿ ಈ ರಾಜ್ಯದಲ್ಲಿ ಹಾಗೆ ಒಂದು ಮಗು ತೀರಿಕೊಂಡ ಮೇಲೆಯೇ ಮನೆಗಳಲ್ಲಿ ಆ ಅನಿಲದ ಎಚ್ಚರಿಕೆ ಗಂಟೆಯನ್ನು ಕಡ್ಡಾಯ ಮಾಡುವ ಕಾನೂನು ಬಂತು. ನಿಮ್ಮ ಮನೆಯ ಗಂಟೆಯ ಬ್ಯಾಟರಿಯನ್ನು ಇಂದೇ ಪರೀಕ್ಷಿಸಿ. ಕಾರಿನದೂ ಇದೇ ಕಥೆ: ಹೊಗೆ ಕೊಳವೆಯ ಸುತ್ತಲಿನ ಹಿಮವನ್ನು ತೆಗೆಯದೆ, ಮಗುವನ್ನು ಒಳಗೆ ಬೆಚ್ಚಗೆ ಕೂರಿಸಿ ಎಂಜಿನ್ ಚಾಲೂ ಮಾಡಬೇಡಿ.

ಸಲಿಕೆ ಹಿಡಿಯುವಾಗ ಹುರುಪು ಬೇಡ. ನಿಮ್ಮ ಮನೆಯ ಮುಂದೆ ಮೂವತ್ತು ಅಡಿ ಉದ್ದದ ದಾರಿಯಿದೆ ಎಂದುಕೊಳ್ಳಿ. 42 ಇಂಚು ಅಗಲ, ಒಂದೂವರೆ ಅಡಿ ಹಿಮ. ಹತ್ತು ಇಂಚು ಹಿಮಕ್ಕೆ ಒಂದು ಇಂಚು ನೀರೆಂಬ ಸಾಮಾನ್ಯ ಲೆಕ್ಕ ಹಾಕಿದರೂ ನೀವು ಎತ್ತಿ ಹಾಕುವುದು ಸುಮಾರು 450 ಕಿಲೋ. ಉಷ್ಣತೆ ಸೊನ್ನೆ ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿದ್ದರೆ ಹಿಮ ಒದ್ದೆಯಾಗಿ ಇನ್ನೂ ಭಾರವಾಗುತ್ತದೆ, ಆಗ ಪ್ರತಿ ವರ್ಷವೂ ಹೃದಯಾಘಾತಗಳ ಸುದ್ದಿ ಬರುತ್ತದೆ. ಎತ್ತುವುದಕ್ಕಿಂತ ತಳ್ಳಿ, ಹಿಮ ನಿಲ್ಲುವವರೆಗೆ ಕಾಯದೆ ನಡುನಡುವೆ ಒಮ್ಮೊಮ್ಮೆ ತೆಗೆಯಿರಿ, ಉಸಿರು ಹತ್ತಿದಾಗ ಸಲಿಕೆಗೆ ಒರಗಿ ಪಕ್ಕದವರನ್ನು ಮಾತಿಗೆಳೆಯಿರಿ. ಇಲ್ಲಿಯವರ ಹಿಮದ ಹರಟೆಯ ಅರ್ಧಪಾಲು ದಣಿವಾರಿಸಿಕೊಳ್ಳುವ ನೆಪವೇ ಆಗಿದೆ ಎಂಬುದು ನನ್ನ ಗುಮಾನಿ. ಕೊನೆಗೆ ಉಪ್ಪು ಚೆಲ್ಲಿ. ಆದರೆ ಉಷ್ಣತೆ ಮೈನಸ್ ಒಂಬತ್ತಕ್ಕಿಂತ ಕೆಳಗಿಳಿದರೆ ಸಾಮಾನ್ಯ ಕಲ್ಲುಪ್ಪಿನಿಂದ ಹೆಚ್ಚಿನ ಪ್ರಯೋಜನವಿಲ್ಲ.

ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಅಂದು ನಿಮ್ಮ ಕಾರನ್ನು ಹೆಗಲು ಕೊಟ್ಟು ತಳ್ಳಿದವರೇ ಏಪ್ರಿಲಿನಲ್ಲಿ ಮತ್ತೆ ‘ಹಾಯ್’ ಎಂದು ಮುಂದೆ ಸಾಗಿಯಾರು. ನನಗೆ ಮೊದಲ ವಸಂತದಲ್ಲಿ ಇದು ಬಹಳ ನೋವು ಕೊಟ್ಟಿತ್ತು. ಇವರ ಸ್ನೇಹ ಹಿಮದಂತೆಯೇ ಕರಗಿತೆಂದು ಮನೆಯಲ್ಲಿ ಗೊಣಗಿಕೊಂಡಿದ್ದೆ. ಹಾಗೆ ಎಣಿಸಿದ್ದು ನನ್ನ ತಪ್ಪು. ಮರುವರ್ಷ ಮೊದಲ ಹಿಮ ಬಿದ್ದ ಬೆಳಿಗ್ಗೆ, ಹಿಂದಿನ ಫೆಬ್ರುವರಿಯಲ್ಲಿ ಅರ್ಧಕ್ಕೆ ನಿಂತ ಮಾತನ್ನು ಎದುರುಮನೆಯವರು ನಿನ್ನೆಯಷ್ಟೇ ಬಿಟ್ಟವರಂತೆ ಎತ್ತಿಕೊಂಡರು. ನನ್ನ ತಂದೆಯ ಶಸ್ತ್ರಚಿಕಿತ್ಸೆ ಏನಾಯಿತೆಂದು ಕೇಳಿದರು. ನಾನು ಅದನ್ನು ಹೇಳಿದ್ದೆನೆಂಬುದೇ ನನಗೆ ಮರೆತುಹೋಗಿತ್ತು.

ಮಗುವನ್ನು ಖಂಡಿತ ಹೊರಗೆ ಕರೆತನ್ನಿ. ದೊಡ್ಡವರು ಅರ್ಧ ದಿನ ತೆಗೆದುಕೊಳ್ಳುವ ಪರಿಚಯವನ್ನು ಮಕ್ಕಳು ಐದು ನಿಮಿಷಗಳಲ್ಲಿ ಮಾಡಿಕೊಳ್ಳುತ್ತಾರೆ, ಅಂದು ಶಾಲೆಗೂ ರಜೆಯಿರುವುದರಿಂದ ಬೀದಿಯ ಮಕ್ಕಳೆಲ್ಲ ಅಲ್ಲೇ ಇರುತ್ತಾರೆ. ತೆಳುವಾದ ಬಟ್ಟೆಗಳನ್ನು ಒಂದರ ಮೇಲೊಂದು ಹಾಕಿ. ಹತ್ತಿಯದು ಬೇಡ, ಒದ್ದೆಯಾದರೆ ಅದು ಮೈಯ ಶಾಖವನ್ನೇ ಹೀರುತ್ತದೆ. ಕೈಗವಸು ಎರಡು ಜೊತೆ ಇರಲಿ. ಪ್ಲೌ ರಾಶಿ ಹಾಕಿದ ರಸ್ತೆಯಂಚಿನ ಗುಡ್ಡಗಳಲ್ಲಿ ಮಾತ್ರ ಗವಿ ತೋಡಿ ಆಡಲು ಬಿಡಬೇಡಿ: ಒಳಗಿರುವ ಮಗು ಪ್ಲೌ ನಡೆಸುವವನಿಗೆ ಕಾಣುವುದಿಲ್ಲ, ಮತ್ತು ಅವನು ಒಂದೇ ಸಲ ಬಂದು ಹೋಗುವವನಲ್ಲ.